ಮಕ್ಕಳ ಕೈಗೆ ಕಾರ್ಡ್ ಕೊಟ್ಟು ಚಂದಾ ಎತ್ತಿಸುವುದು ಸರಿನಾ?

ತಿಪಟೂರಿನ ಅಮ್ಮ:
ನನ್ನ ಮಗ ಏಳನೇ ತರಗತಿ. ಹೋದ ವಾರ ಶಾಲೆಯಿಂದ ಒಂದು ಕಾರ್ಡ್ ಕೊಟ್ಟು ಕಳಿಸಿದರು. ಇಪ್ಪತ್ತು ಸಾಲು, ಒಂದೊಂದರಲ್ಲೂ ಕೊಟ್ಟವರ ಹೆಸರು, ಮೊತ್ತ, ಸಹಿ. ಜಾಸ್ತಿ ತಂದವರಿಗೆ ಪದಕ ಅಂತೆ. ಇವನು ನಾಲ್ಕು ಮನೆ ತಿರುಗಿ 60 ರೂಪಾಯಿ ತಂದ. ಐದನೇ ಮನೆಯಲ್ಲಿ "ಆಮೇಲೆ ಬಾ" ಅಂದರಂತೆ, ಮತ್ತೆ ಹೊರಡಲೇ ಇಲ್ಲ. ಪಕ್ಕದ ಮನೆ ಹುಡುಗನ ಕಾರ್ಡನ್ನು ಅವರಪ್ಪನೇ ಅಂಗಡಿಯಲ್ಲಿ ಕೂತು ತುಂಬಿಸಿದರು. ದುಡ್ಡು ಯಾರಿಗೆ ಹೋಗುತ್ತದೆ ಅಂದರೆ ಮಗನಿಗೆ ಗೊತ್ತಿಲ್ಲ. ನಾವು ಓದುವಾಗ ಡಿಸೆಂಬರ್ 7ಕ್ಕೆ ಧ್ವಜ ದಿನದ ಪುಟ್ಟ ಬಾವುಟ ಕೊಡುತ್ತಿದ್ದರು. ಅದು ಸೈನಿಕರ ಕುಟುಂಬಗಳಿಗೆ ಅಂತ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಮಗ ನಾಲ್ಕು ಜನಕ್ಕೆ ಆಗುವುದನ್ನು ಕಲಿಯಲಿ, ಅದು ನನಗೂ ಬೇಕು. ಆದರೆ ಹೀಗಲ್ಲ. ಶನಿವಾರ ಪೋಷಕರ ಸಭೆ ಇದೆ. ಏನು ಮಾಡೋಣ ಅಂತ ಹೇಳಲಿ?

ನಿವೃತ್ತ ಮೇಷ್ಟ್ರು, ಅರಸೀಕೆರೆ:
ಅಮ್ಮಾ, ಮಕ್ಕಳ ಸಂತೆ ಮಾಡಿಸಿ ಅಂತ ಹೇಳಿ. ನಾನು ಸರ್ಕಾರಿ ಶಾಲೆಯಲ್ಲಿ ಆರು ವರ್ಷ ಮಾಡಿಸಿದ್ದೇನೆ. ಅವರೆಕಾಯಿ ಕಾಲದಲ್ಲಿ ಒಂದು ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳುತ್ತಿದ್ದೆವು. ಮಕ್ಕಳು ಮೈದಾನದಲ್ಲಿ ಗೋಣಿಚೀಲ ಹಾಸಿ ಅವರೆಕಾಯಿ, ನಿಂಬೆಹಣ್ಣು, ಕರಿಬೇವು, ಹುಣಸೆಹಣ್ಣು ಇಟ್ಟು ಕೂರುತ್ತಿದ್ದರು. ಊರವರು ಚೀಲ ಹಿಡಿದು ಬಂದು ಚೌಕಾಸಿ ಮಾಡುತ್ತಿದ್ದರು. ಯಾರೂ ಕೈ ಚಾಚುವ ಹಾಗಿರಲಿಲ್ಲ.

ಮೊದಲ ವರ್ಷ ಒಬ್ಬ ಹುಡುಗ ಚುರುಮುರಿ ಮಾರಿ 240 ರೂಪಾಯಿ ಲಾಭ ಅಂತ ಕುಣಿದ. "ಅಸಲು ಎಷ್ಟೋ?" ಅಂದೆ. ಮಂಡಕ್ಕಿ, ಎಣ್ಣೆ, ಕಡ್ಲೆಬೀಜ ಎಲ್ಲ ಅವರಮ್ಮನ ದುಡ್ಡು. ಕೂತು ಲೆಕ್ಕ ಹಾಕಿದಾಗ ಉಳಿದದ್ದು 70. ಲಾಭ ನಷ್ಟದ ಪಾಠವನ್ನು ನಾನು ಎರಡು ವಾರ ಮಾಡಿದ್ದೆ. ಅವನಿಗೆ ಹತ್ತಿದ್ದು ಅವತ್ತು.

ಒಟ್ಟು 3,840 ಉಳಿಯಿತು. ನಮಗೆ ಮೈಕ್ ಸೆಟ್ ಬೇಕಿತ್ತು. ಮಕ್ಕಳು ಬಿಸಿಯೂಟದ ತಟ್ಟೆ ತೊಳೆಯುವ ಕಡೆ ನಲ್ಲಿ ಬೇಕು ಅಂದರು. ಇನ್ನೂರು ಮಕ್ಕಳಿಗೆ ಎರಡೇ ನಲ್ಲಿ ಇತ್ತು! ನಾಲ್ಕು ನಲ್ಲಿ ಹಾಕಿಸಿದೆವು. ದುಡ್ಡು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆಗೆ ಹೋಯಿತು. ಪ್ಲಂಬರ್ ಕೂಲಿ, ಪೈಪಿನ ಬಿಲ್ಲು ಎಲ್ಲ ಏಳನೇ ತರಗತಿಯವರೇ ಬೋರ್ಡಿನ ಮೇಲೆ ಬರೆದರು, ಒಂದು ವಾರ ಅಳಿಸಲಿಲ್ಲ. ಸಭೆಯಲ್ಲಿ ಇದನ್ನು ಮಾತ್ರ ಗಟ್ಟಿಯಾಗಿ ಕೇಳಿ: ಎಷ್ಟು ಬಂತು, ಎಲ್ಲಿ ಹೋಯಿತು ಅನ್ನೋದು ಮಕ್ಕಳಿಗೆ ಗೊತ್ತಿರಬೇಕು. ಪದಕವಂತೂ ಬೇಡವೇ ಬೇಡ.

ಎನ್‌ಎಸ್‌ಎಸ್ ಹಳಬ, ಕೊಪ್ಪಳ:
ಮೇಷ್ಟ್ರು ಹೇಳಿದ್ದು ಸರಿ. ದುಡ್ಡೇ ಆಗಬೇಕು ಅಂತಲೂ ಇಲ್ಲ, ಅಲ್ವಾ? ಕಾಲೇಜಿನ ಎನ್‌ಎಸ್‌ಎಸ್‌ನಲ್ಲಿ (ರಾಷ್ಟ್ರೀಯ ಸೇವಾ ಯೋಜನೆ) ನಮಗೆ ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ 7 ದಿನದ ಶಿಬಿರ ಇತ್ತು. ಒಂದು ಹಳ್ಳಿಯಲ್ಲಿ ಬೆವರು ಸುರಿಸಿ ಚರಂಡಿ ತೋಡಿದೆವು. ಮರುವರ್ಷ ಹೋದರೆ ಹೂಳು ತುಂಬಿತ್ತು. ನೋಡಿಕೊಳ್ಳುವವರು ಯಾರು ಅಂತ ನಾವು ಊರವರನ್ನು ಕೇಳಿಯೇ ಇರಲಿಲ್ಲ. ಆ ಬೇಜಾರು ಇನ್ನೂ ಇದೆ. ಮಕ್ಕಳು ಗಿಡ ನೆಟ್ಟರೂ ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ತಿಪಟೂರಿನ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಮ್ಮಲ್ಲಿ ಸುಮಾರು ಮಕ್ಕಳಿಗೆ ತೋಟ, ಹೊಲ ಇಲ್ಲ. ಬಾಡಿಗೆ ಮನೆಯವರು. ಅವರು ಏನು ಮಾರುತ್ತಾರೆ?

ನಿವೃತ್ತ ಮೇಷ್ಟ್ರು, ಅರಸೀಕೆರೆ:
ಒಳ್ಳೆ ಪ್ರಶ್ನೆ ಅಮ್ಮಾ. ಅಂಥ ಮಕ್ಕಳನ್ನು ತೋಟದ ಮಕ್ಕಳ ಜೊತೆ ಜೋಡಿ ಮಾಡಿ. ಒಬ್ಬ ಸಾಮಾನು ತರಲಿ, ಇನ್ನೊಬ್ಬ ತೂಕ, ಚಿಲ್ಲರೆ ನೋಡಿಕೊಳ್ಳಲಿ. ಹಳೇ ಪೇಪರಿನಲ್ಲಿ ಕವರ್ ಮಾಡಿ ಮಾರಬಹುದು, ಸಂತೆಗೆ ಹೇಗೂ ಕವರ್ ಬೇಕು. ತಕ್ಕಡಿಯನ್ನು ಹಿಂದಿನ ದಿನವೇ ಅಂಗಡಿಯವರ ಹತ್ತಿರ ಕೇಳಿ ತನ್ನಿ. ಹತ್ತರ ನೋಟಿನಲ್ಲಿ ಐನೂರು ರೂಪಾಯಿ ಚಿಲ್ಲರೆ ಇಟ್ಟುಕೊಳ್ಳಿ. ಮೊದಲ ವರ್ಷ ನಮಗೆ ಚಿಲ್ಲರೆ ಸಾಲದೆ ಅರ್ಧ ಗಂಟೆ ವ್ಯಾಪಾರ ನಿಂತಿತ್ತು.