ಒಬ್ಬಳೇ ಶ್ರೀಲಂಕಾಗೆ ಹೊರಟಿದ್ದೇನೆ, ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು, ಹಾಸನದಿಂದ:

ನನಗೆ 34. ಬ್ಯಾಂಕಿನಲ್ಲಿ ಕೆಲಸ. ಫೆಬ್ರುವರಿಯಲ್ಲಿ ಒಂಬತ್ತು ದಿನ ಶ್ರೀಲಂಕಾಗೆ ಅಂತ ಗೆಳತಿಯ ಜೊತೆ ಟಿಕೆಟ್ ಮಾಡಿಸಿದ್ದೆ. ಕೊಲಂಬೊ, ಗಾಲ್, ಮಿರಿಸ್ಸಾ. ಅವಳು ಕೊನೇ ಗಳಿಗೆಯಲ್ಲಿ ಕೈಕೊಟ್ಟಳು. ಕ್ಯಾನ್ಸಲ್ ಮಾಡೋಣ ಅಂದುಕೊಂಡೆ. ಆಮೇಲೆ, ಯಾಕೆ ಮಾಡಬೇಕು ಅನ್ನಿಸಿತು. ಆದರೆ ಧರ್ಮಸ್ಥಳ ಬಿಟ್ಟರೆ ಎಲ್ಲಿಗೂ ಒಬ್ಬಳೇ ಹೋದವಳಲ್ಲ ನಾನು.

ರೈಲು ಒಳ್ಳೆಯದಾ, ಕಾರಾ? ಕತ್ತಲಾದ ಮೇಲೆ ಹೊರಗೆ ಓಡಾಡಬಹುದಾ? ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ, ಹೊಟ್ಟೆಗೆ ಏನು ಗತಿ? ಮತ್ತೆ, "ಒಬ್ಬಳೇ ಬಂದಿದ್ದೀಯಾ" ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಸದ್ಯಕ್ಕೆ ಅಮ್ಮನೇ ದಿನಕ್ಕೆ ಮೂರು ಸಲ ಕೇಳುತ್ತಿದ್ದಾಳೆ, "ಒಬ್ಬಳೇ ಹೋಗ್ತೀಯಾ" ಅಂತ.

ಮೈಸೂರಿನಿಂದ:

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಖಂಡಿತ ಕೇಳುತ್ತಾರೆ. ರೈಲಿನಲ್ಲಿ, ಅಂಗಡಿಯಲ್ಲಿ, ಎಳನೀರು ಕೊಚ್ಚಿಕೊಡುತ್ತಾ, ಎಲ್ಲರೂ ಕೇಳುತ್ತಾರೆ. ಸಿಂಹಳದಲ್ಲಿ "ತನಿಯಮದ?" ಅಂತ, ಒಬ್ಬಳೇನಾ ಅಂತ. ತಮಿಳು ಕಿವಿಗೆ ಬಿದ್ದು ಅಭ್ಯಾಸ ಇದ್ದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೊದಲೆರಡು ದಿನ ಮೈ ಉರಿಯುತ್ತಿತ್ತು. ಮೂರನೇ ದಿನದ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. ಆ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಳ್ಳಬಾರದು, ಅದರ ಹಿಂದೆ ಬರುವ ಇನ್ನೊಂದು ಪ್ರಶ್ನೆಯನ್ನು ಗಮನಿಸಬೇಕು. "ಊಟ ಆಯ್ತಾ", "ಅಪ್ಪ ಅಮ್ಮ ಬಿಟ್ಟರಾ", "ಹೆದರಿಕೆ ಆಗಲ್ವಾ" ಅಂತ ಕೇಳಿದರೆ ನಿಜ ಹೇಳಿ, ಕೂತು ಮಾತಾಡಿ. "ಯಾವ ಹೋಟೆಲ್", "ಸಂಜೆ ಏನು ಪ್ರೋಗ್ರಾಂ" ಅಂದರೆ ಸುಳ್ಳು ಹೇಳಿ. ನನ್ನ ಸುಳ್ಳು ಗಂಡ ಅಲ್ಲಿ ಯಾವಾಗಲೂ ಹಿಂದಿನ ರೈಲಿನಲ್ಲಿ ಬರುತ್ತಿರುತ್ತಿದ್ದ. ಪಾಪ, ಒಂಬತ್ತು ದಿನವೂ ಅವನ ರೈಲು ಲೇಟು.

ನಾನು ಹೋದಾಗ ನನಗೆ 51. ವಯಸ್ಸಾದವಳನ್ನು ಯಾರು ಕೇಳುತ್ತಾರೆ ಅನ್ನಬೇಡಿ, ಕೇಳುತ್ತಾರೆ.

ಗಾಲ್‌ನಲ್ಲಿ ಕೋಟೆಯ ಒಳಗೇ ಉಳಿಯಿರಿ. ರೂಮು ಹೊರಗಿಗಿಂತ ದುಬಾರಿ, ಆದರೆ ದುಡ್ಡು ಹಾಕಬೇಕಾದ ಜಾಗ ಅದೇ. ಪೋರ್ಚುಗೀಸರು ಶುರು ಮಾಡಿ, ಡಚ್ಚರು 17ನೇ ಶತಮಾನದಲ್ಲಿ ಗಟ್ಟಿಯಾಗಿ ಕಟ್ಟಿದ ಕೋಟೆ. 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸುಮ್ನೆ ನೋಡಿಹೋಗುವ ಸ್ಮಾರಕ ಅಲ್ಲ ಅದು. ಒಳಗೆ ಸಂಸಾರಗಳಿವೆ, ಕೋರ್ಟು, ಮಸೀದಿ, ಚರ್ಚು ಎಲ್ಲ ಇವೆ. ನಾನಿದ್ದ ಮನೆಯ ಒಡತಿಗೆ ಅರವತ್ತು ದಾಟಿತ್ತು. ಬಾಗಿಲಿಗೆ ಚಿಲಕ ಸಾಲದು ಅಂತ ಅಡ್ಡಕ್ಕೆ ಒಂದು ಮರದ ಪಟ್ಟಿ. ನನಗೆ ಬೀಗದ ಕೈ ಕೊಟ್ಟರು, ಆದರೆ ಪಟ್ಟಿ ಮಾತ್ರ ತಾವೇ ಹಾಕಬೇಕು ಅಂತ ನಾನು ಬರುವ ತನಕ ಹಾಲಿನಲ್ಲಿ ಟಿವಿ ನೋಡುತ್ತಾ ಕೂತಿರುತ್ತಿದ್ದರು. ಎರಡನೇ ದಿನ ಎಂಟು ಗಂಟೆಗೇ ಬಂದೆ. ಅವರನ್ನು ಕಾಯಿಸಲು ಮನಸ್ಸು ಬರಲಿಲ್ಲ.

ಸಂಜೆ ಕೋಟೆ ಗೋಡೆಯ ಮೇಲೆ ಊರೆಲ್ಲ ಇರುತ್ತದೆ. ಸ್ಕೂಲ್ ಮಕ್ಕಳು, ಮೊಮ್ಮಕ್ಕಳನ್ನು ಎತ್ತಿಕೊಂಡ ಅಜ್ಜಂದಿರು, ಕೊಡೆ ಬಿಚ್ಚಿ ಅದರ ಮರೆಯಲ್ಲಿ ಕೂತ ಪ್ರೇಮಿಗಳು. ಆ ಹೊತ್ತಿನಲ್ಲಿ ಏನೂ ಭಯವಿಲ್ಲ. ಆದರೆ ಆರೂವರೆಗೆಲ್ಲ ಕತ್ತಲೆ ದಬ್ಬಿಕೊಂಡು ಬರುತ್ತದೆ. ಎಂಟರ ಮೇಲೆ ಗೋಡೆ ಖಾಲಿ. ಆಗ ಬೇಡ.

ಬೆಂಗಳೂರಿನಿಂದ:

ಅಕ್ಕ ಹೇಳಿದ್ದರ ಜೊತೆಗೆ ಚಿಲ್ಲರೆ ವಿಷಯಗಳು.

ವಿಮಾನ ಒಂದೂವರೆ ಗಂಟೆ. ಗಡಿಯಾರ ತಿರುಗಿಸಬೇಕಿಲ್ಲ, ಅಲ್ಲೂ ನಮ್ಮ ಟೈಮೇ. ಏರ್‌ಪೋರ್ಟ್ ಇರುವುದು ಕಟುನಾಯಕದಲ್ಲಿ, ಕೊಲಂಬೊ ದೂರ. ರಾತ್ರಿ ಇಳಿಯುವ ಫ್ಲೈಟ್ ಆದರೆ ಅವತ್ತು ಪಕ್ಕದ ನೆಗೊಂಬೊದಲ್ಲೇ ಮಲಗಿ, ಬೆಳಿಗ್ಗೆ ಹೊರಡಿ. ವೀಸಾ ರೂಲ್ಸ್ ಈಚೆಗೆ ಪದೇ ಪದೇ ಬದಲಾಗಿದೆ. ಅವರ ಸರ್ಕಾರದ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ವೆಬ್‌ಸೈಟಿನಲ್ಲೇ ನೋಡಿ. ಅದೇ ಥರ ಕಾಣುವ ಏಜೆಂಟರ ಸೈಟುಗಳು ಬೇಕಾದಷ್ಟಿವೆ, ನಾನೇ ಒಂದಕ್ಕೆ ಬಿದ್ದು ದುಡ್ಡು ಕಳೆದುಕೊಂಡೆ.

ಏರ್‌ಪೋರ್ಟಿನಲ್ಲೇ ಸಿಮ್ ತೊಗೊಳ್ಳಿ, ಪಿಕ್‌ಮಿ ಆ್ಯಪ್ ಹಾಕಿಕೊಳ್ಳಿ. ನಮ್ಮ ಓಲಾ ಇದ್ದ ಹಾಗೆ, ಆಟೋನೂ ಸಿಗುತ್ತದೆ. ಅಲ್ಲಿ ಟುಕ್‌ಟುಕ್ ಅನ್ನಬೇಕು. 2024ರ ಫೆಬ್ರುವರಿಯಿಂದ ನಮ್ಮ ಯುಪಿಐ ಅಲ್ಲೂ ಶುರುವಾಗಿದೆ, ದೊಡ್ಡ ಅಂಗಡಿಗಳಲ್ಲಿ ನಡೆಯುತ್ತದೆ. ಟುಕ್‌ಟುಕ್‌ನವನಿಗೆ ಮಾತ್ರ ಕ್ಯಾಶೇ ಬೇಕು.

ಕೊಲಂಬೊದಲ್ಲಿ ಗಾಲ್ ಫೇಸ್ ಅನ್ನುವ ಕಡಲ ಪಕ್ಕದ ಮೈದಾನದ ಹತ್ತಿರ ಚೆನ್ನಾಗಿ ಡ್ರೆಸ್ ಮಾಡಿಕೊಂಡವನೊಬ್ಬ ಸಿಗುತ್ತಾನೆ. "ನಿಮ್ಮ ಹೋಟೆಲಿನಲ್ಲೇ ಕೆಲಸ ನನಗೆ, ಗುರುತು ಸಿಗಲಿಲ್ವಾ? ಇವತ್ತು ದೇವಸ್ಥಾನದಲ್ಲಿ ಆನೆ ಮೆರವಣಿಗೆ, ಇವತ್ತೊಂದೇ ದಿನ." ಟುಕ್‌ಟುಕ್ ಹತ್ತಿಸಿ ಊರೆಲ್ಲ ಸುತ್ತಿಸಿ ಸಾವಿರಗಟ್ಟಲೆ ಕೀಳುತ್ತಾರೆ. ತಮಾಷೆ ಏನು ಗೊತ್ತಾ? ಗಂಗಾರಾಮಯ ದೇವಸ್ಥಾನದ ನವಮ್ ಪೆರಹೆರಾ ಅನ್ನುವ ಮೆರವಣಿಗೆ ನಿಜವಾಗಲೂ ಫೆಬ್ರುವರಿಯಲ್ಲೇ, ಹುಣ್ಣಿಮೆ ಹೊತ್ತಿಗೆ ನಡೆಯುತ್ತದೆ. ನೀವು ಹೋಗುವಾಗಲೇ ಇರಬಹುದು, ಆನೆಗಳೂ ಇರುತ್ತವೆ. ದಿನ ಯಾವತ್ತು ಅಂತ ನೀವಿಳಿದ ಹೋಟೆಲಿನ ಕೌಂಟರಿನಲ್ಲಿ ಕೇಳಿ, ಬೀದಿಯಲ್ಲಿ ಸಿಕ್ಕ ಗೆಳೆಯನನ್ನಲ್ಲ.

ರೈಲಾ ಕಾರಾ ಅಂದರೆ ರೈಲು. ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಗಾಲ್‌ಗೆ ಎರಡೂವರೆ ಗಂಟೆ. ಬಲಗಡೆ ಕೂತುಕೊಳ್ಳಿ, ಸಮುದ್ರ ಆ ಕಡೆಗೇ. ಕೆಲವು ಕಡೆ ಅಲೆ ಬಂದು ಹಳಿಯ ಕಲ್ಲಿಗೆ ಬಡಿಯುವುದು ಕಾಣುತ್ತದೆ. ಆಫೀಸ್ ಬಿಡುವ ಹೊತ್ತಿಗೆ ಮಾತ್ರ ಹತ್ತಬೇಡಿ.

ಉಡುಪಿಯಿಂದ:

ಎಲ್ಲರೂ ಮನುಷ್ಯರ ಬಗ್ಗೆ ಹೇಳುತ್ತಿದ್ದೀರಿ. ನಾನು ನೀರಿನ ಬಗ್ಗೆ ಹೇಳುತ್ತೇನೆ. ಅಲ್ಲಿ ನನ್ನನ್ನು ಹೆದರಿಸಿದ್ದು ಅದೊಂದೇ.

ಕಡಲ ಪಕ್ಕ ಹುಟ್ಟಿದವಳು ಅನ್ನುವ ಜಂಭ ನನಗೆ. ಮಿರಿಸ್ಸಾದಲ್ಲಿ ಬೆಳಿಗ್ಗೆ ಏಳಕ್ಕೆ, ದಡದಲ್ಲಿ ಯಾರೂ ಇಲ್ಲದಾಗ ನೀರಿಗಿಳಿದೆ. ಎರಡೂ ಕಡೆ ಅಲೆ ಮುರಿಯುತ್ತಿತ್ತು. ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟಾಗಿ, ಸ್ವಲ್ಪ ಕಪ್ಪಗಿತ್ತು. ಅಲ್ಲೇ ಶಾಂತವಾಗಿದೆ ಅಂತ ಹೋದೆ. ದಡದಿಂದ ನೀರು ಒಳಕ್ಕೆ ವಾಪಸ್ ಹೋಗುವ ದಾರಿಯೇ ಅದು. ಮೊಣಕಾಲು ನೀರಿನಿಂದ ಎದೆ ನೀರಿಗೆ ಯಾವಾಗ ಬಂದೆನೋ ಗೊತ್ತಿಲ್ಲ. ದಡಕ್ಕೆ ನೇರ ಈಜಿದೆ, ಇದ್ದಲ್ಲೇ ಇದ್ದೆ. ಅಪ್ಪ ಮಲ್ಪೆಯಲ್ಲಿ ಹೇಳಿಕೊಟ್ಟಿದ್ದು ಆಗ ನೆನಪಾಯಿತು. ಸೆಳೆತದ ಜೊತೆ ಜಗಳಕ್ಕೆ ಹೋಗಬಾರದು, ಮೊದಲು ತೇಲಬೇಕು, ಆಮೇಲೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಬೇಕು. ಹಾಗೇ ಮಾಡಿದೆ. ಹೊರಗೆ ಬಂದು ಮರಳಿನ ಮೇಲೆ ಬಿದ್ದುಕೊಂಡಾಗ ಕೈಕಾಲು ನಡುಗುತ್ತಿತ್ತು. ದಡದಲ್ಲಿ ನನ್ನ ಚಪ್ಪಲಿ, ಒಂದು ನಾಯಿ, ಅಷ್ಟೇ.

ಒಬ್ಬಳೇ ಇದ್ದರೆ ಯಾರಿಗಾದರೂ ಹೇಳದೆ ನೀರಿಗೆ ಇಳಿಯಬೇಡಿ. ಪಕ್ಕದ ಅಂಗಡಿಯವನಾದರೂ ಪರವಾಗಿಲ್ಲ, "ನನ್ನ ಮೇಲೆ ಒಂದು ಕಣ್ಣಿಡಿ" ಅನ್ನಿ. ಉನವಟುನ ಕೊಲ್ಲಿ ಮಿರಿಸ್ಸಾಗಿಂತ ವಾಸಿ. ಫೆಬ್ರುವರಿಯಲ್ಲಿ ದಕ್ಷಿಣದ ಕಡಲು ಸಮಾಧಾನದಲ್ಲೇ ಇರುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ ಈ ಕಡೆ ಬರಲೇಬಾರದು. ಆಗ ಜನ ಪೂರ್ವದ ಅರುಗಂ ಬೇ ಕಡೆ ಹೋಗುತ್ತಾರೆ.

ಬಟ್ಟೆ: ಈಜುಡುಗೆ ಬೀಚಿನಲ್ಲಿ ಮಾತ್ರ. ರಸ್ತೆಗೆ ಬರುವಾಗ ಮೇಲೊಂದು ಏನಾದರೂ ಹಾಕಿಕೊಳ್ಳಿ. ಅಲ್ಲಿಯ ಹೆಂಗಸರು ನಮ್ಮವರ ಹಾಗೇ ಪೂರ್ತಿ ಬಟ್ಟೆಯಲ್ಲೇ ನೀರಿಗಿಳಿಯುತ್ತಾರೆ. ತಿಮಿಂಗಿಲ ನೋಡುವ ದೋಣಿಗೆ ಹೋಗುವುದಾದರೆ ಹಿಂದಿನ ರಾತ್ರಿ ಕಡಿಮೆ ತಿನ್ನಿ. ನಾನು ನೀಲಿ ತಿಮಿಂಗಿಲದ ಬೆನ್ನು ನೋಡಿದೆ, ಆಮೇಲೆ ಒಂದು ಗಂಟೆ ಪ್ಲಾಸ್ಟಿಕ್ ಚೀಲದ ಒಳಭಾಗ ನೋಡಿದೆ.

ಮತ್ತೆ ಅಲ್ಲಿಯ ಕೆಂದಾಳಿ ಬೊಂಡ, ತಂಬಿಲಿ ಅನ್ನುತ್ತಾರೆ, ದಿನಕ್ಕೆರಡು ಕುಡಿಯಿರಿ. ಆ ಬಿಸಿಲಿಗೆ ಅದೇ ಮದ್ದು.

ಗಂಡನ ಕೆಲಸದಿಂದಾಗಿ ಎರಡು ವರ್ಷ ಕೊಲಂಬೊದಲ್ಲಿದ್ದವರು:

ಇಲ್ಲಿ ಎಲ್ಲರೂ ಬರೆದದ್ದು ಪ್ರವಾಸಿಗರ ಶ್ರೀಲಂಕಾ. ಅದು ನಿಜವೂ ಹೌದು. ಆದರೆ ಬಸ್ಸಿನ ವಿಷಯ ಯಾರೂ ಎತ್ತಲಿಲ್ಲ.

ಗಾಲ್ ರೋಡಿನ ಖಾಸಗಿ ಬಸ್ಸುಗಳು ಒಂದರ ಮೇಲೊಂದು ಪಂದ್ಯ ಕಟ್ಟಿ ಓಡುತ್ತವೆ. ಒಳಗೆ ತುಂಬಿದ್ದರೆ ನಮ್ಮ ಸಿಟಿ ಬಸ್ಸಿನ ಕಾಟವೇ ಅಲ್ಲೂ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಅಲ್ಲಿ ಮಾಡಿಸಿದ ಅಧ್ಯಯನದಲ್ಲಿ ಶೇ. 90ರಷ್ಟು ಹೆಂಗಸರು ಬಸ್ಸು ರೈಲಿನಲ್ಲಿ ಒಮ್ಮೆಯಾದರೂ ಕಿರುಕುಳ ಆಗಿದೆ ಎಂದಿದ್ದರು. ನನಗೂ ಆಗಿದೆ. ಸಂಜೆ ಬಸ್ಸು, ಹಿಂದೆ ನಿಂತವನ ಕೈ. ಕಾಲೇಜಿನ ದಿನಗಳ ಪಿನ್ನು ನೆನಪಾಯಿತು, ಆದರೆ ಬ್ಯಾಗಿನಲ್ಲಿರಲಿಲ್ಲ. ಸಿಂಹಳ ಬಾಯಿಗೆ ಬರಲಿಲ್ಲ, ಕನ್ನಡದಲ್ಲೇ ಬೈದೆ. ಅರ್ಥ ಯಾರಿಗೂ ಆಗಿರಲಿಕ್ಕಿಲ್ಲ, ವಿಷಯ ಮಾತ್ರ ಎಲ್ಲರಿಗೂ ಗೊತ್ತಾಯಿತು. ಕಿಟಕಿ ಪಕ್ಕದ ಹೆಂಗಸೊಬ್ಬರು ಎದ್ದು "ನಂಗಿ, ಬಾ" ಅನ್ನುವ ಹಾಗೆ ಕೈ ಹಿಡಿದೆಳೆದು ತಮ್ಮ ಸೀಟಿನಲ್ಲಿ ಕೂರಿಸಿದರು. ನಂಗಿ ಅಂದರೆ ನಮ್ಮ ತಂಗಿ. ಅಕ್ಕ ಅಂದರೆ ಅಲ್ಲೂ ಅಕ್ಕನೇ. ಈ ಎರಡು ಪದ ನೂರು ಸಲ ಉಪಯೋಗಕ್ಕೆ ಬಂದಿವೆ.

ಆದ್ದರಿಂದ, ಖಾಲಿ ಬಸ್ಸಾದರೆ ಹತ್ತಿ, ಹೆಂಗಸರ ಪಕ್ಕ ಕೂರಿ. ಮುಂದಿನ ಸೀಟು ಖಾಲಿ ಕಂಡರೂ ಕೂರಬೇಡಿ, ಅದು ಭಿಕ್ಷುಗಳದ್ದು. ಭಿಕ್ಷು ಪಕ್ಕದಲ್ಲಿ ಹೆಂಗಸರು ಕೂರುವ ಪದ್ಧತಿಯೂ ಇಲ್ಲ. ದೇವಸ್ಥಾನದಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ಬೇಡ. ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದದ್ದಕ್ಕೆ 2014ರಲ್ಲಿ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ದೇಶದಿಂದಲೇ ಕಳಿಸಿಬಿಟ್ಟಿದ್ದರು.

ಹುಣ್ಣಿಮೆ ದಿನ, ಅಂದರೆ ಪೋಯ, ರಜೆ. ಹೆಂಡ, ಮಾಂಸ ಮಾರುವಂತಿಲ್ಲ. ಹೆಂಡದ ಮಾತು ಬಂತು ಅಂತ ಹೇಳುತ್ತೇನೆ: ಹೆಂಗಸರು ಮದ್ಯ ಕೊಳ್ಳಬಾರದು ಅನ್ನುವ 1979ರ ನಿಯಮ ಒಂದಿತ್ತು. 2018ರ ಜನವರಿಯಲ್ಲಿ ಮಂತ್ರಿಯೊಬ್ಬರು ಅದನ್ನು ತೆಗೆದರು. ಕೆಲವೇ ದಿನಗಳಲ್ಲಿ ಆಗಿನ ಅಧ್ಯಕ್ಷ ಸಿರಿಸೇನ ವಾಪಸ್ ತಂದರು. 1960ರಲ್ಲೇ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯನ್ನು ಆರಿಸಿದ ದೇಶ ಇದು! ಪ್ರವಾಸಿಗರನ್ನು ಯಾರೂ ತಡೆಯುವುದಿಲ್ಲ ಬಿಡಿ. ಆದರೆ ಬಾರಿನಲ್ಲಿ ಒಬ್ಬಳೇ ಕೂತರೆ ಯಾಕೆ ಎಲ್ಲರೂ ತಿರುಗಿ ನೋಡುತ್ತಾರೆ ಅನ್ನುವುದು ಗೊತ್ತಾಗುತ್ತದೆ ಅಲ್ವಾ?

ಈ ನಂಬರುಗಳನ್ನು ಫೋನಿನಲ್ಲಿ ಹಾಕಿಕೊಳ್ಳಿ: ಪೊಲೀಸ್ 119, ಪ್ರವಾಸಿಗರ ಸಹಾಯವಾಣಿ 1912, ಆಂಬುಲೆನ್ಸ್ 1990, ಹೆಂಗಸರ ಸಹಾಯವಾಣಿ 1938. ಆ 1990 ಆಂಬುಲೆನ್ಸ್ ಭಾರತದ ನೆರವಿನಿಂದ 2016ರಲ್ಲಿ ಶುರುವಾದದ್ದು. ದುಡ್ಡು ಕೇಳುವುದಿಲ್ಲ.

ಹಾಸನದಿಂದ, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಪಿನ್ನು ಪ್ಯಾಕ್ ಮಾಡಿದೆ. ಊಟದ ಬಗ್ಗೆ ಯಾರೂ ಹೇಳಲಿಲ್ಲ?

ಧಾರವಾಡದಿಂದ:

ಊಟದ ಚಿಂತಿ ನನಗ ಬಿಡ್ರಿ. ನಾನೂ ಮೊಟ್ಟೆ ಮುಟ್ಟದವಳೇ.

ಅನ್ನದ ಜೊತೆ ನಾಲ್ಕೈದು ಪಲ್ಯ, ಬೇಳೆ ಅಂತ ಕೊಡುತ್ತಾರೆ. ಬೇಳೆಗೆ ಪರಿಪ್ಪು ಅನ್ನುತ್ತಾರೆ, ತೆಂಗಿನ ಹಾಲು ಹಾಕಿದ ತೊವ್ವೆ ಅಂದುಕೊಳ್ಳಿ. ಎಳೆ ಹಲಸಿನಕಾಯಿ ಪಲ್ಯ ಸಿಕ್ಕರೆ ಬಿಡಬೇಡಿ. ಬೆಳಿಗ್ಗೆ ಒತ್ತು ಶ್ಯಾವಿಗೆ, ಆಪ್ಪ. ಮೋಸ ಇರುವುದು ಚಟ್ನಿಯಲ್ಲಿ. ಕೆಂಪಗೆ, ನಮ್ಮ ಕಾಯಿ ಚಟ್ನಿಯ ಅಕ್ಕನ ಹಾಗೆ ಕಾಣುವ ಪೊಳ್ ಸಂಬೋಲದಲ್ಲಿ ಉಂಬಲಕಡ ಅಂತ ಒಣಮೀನಿನ ಪುಡಿ ಸೇರಿಸಿರುತ್ತಾರೆ. "ವೆಜ್" ಅಂದರೆ ಅವರ ಲೆಕ್ಕದಲ್ಲಿ ಅದು ಬರುವುದೇ ಇಲ್ಲ. ನಾನು ಎರಡು ದಿನ ಚಪ್ಪರಿಸಿ ತಿಂದ ಮೇಲೆ ಗೊತ್ತಾಯಿತು. ಏನು ಮಾಡೋದು, ದೇವರಿಗೂ ಲೆಕ್ಕ ತಪ್ಪಿರಬಹುದು. "ಉಂಬಲಕಡ ಎಪಾ" ಅಂತ ಕಲಿತುಕೊಂಡು ಹೋಗಿ. ಎಪಾ ಅಂದರೆ ಬೇಡ. ಬೀಚಿನಲ್ಲಿ ಬೆನ್ನು ಹತ್ತುವವರಿಗೂ ಇದೇ ಪದ ಸಾಕು.

ಕೊತ್ತು ರೊಟ್ಟಿ ಕೇಳಿದರೆ ಮೊಟ್ಟೆ ಹಾಕೇ ಹಾಕುತ್ತಾರೆ, ಮೊದಲೇ ಹೇಳಿ.

ಹಾಸನದವರು ನೀವು, ಇನ್ನೊಂದು ಹೇಳಲೇಬೇಕು. ರಾಗಿಗೆ ಅಲ್ಲಿ ಕುರಕ್ಕನ್ ಅನ್ನುತ್ತಾರೆ. ಅದರ ಹಿಟ್ಟು ಬೇಯಿಸಿ, ತಿರುವಿ, ಉಂಡೆ ಕಟ್ಟಿದರೆ ತಲಪ. ಮೀನು ಸಾರಿನ ಜೊತೆ ತಿನ್ನುತ್ತಾರೆ. ನಮಗೆ ಜೋಳದ ರೊಟ್ಟಿಯೇ ಸರಿ, ಆದರೂ ನೋಡಿ ಖುಷಿಯಾಯಿತು.

ಹಾಸನದಿಂದ, ಮಾರ್ಚಿನಲ್ಲಿ:

ಹೋಗಿ ಬಂದೆ. "ತನಿಯಮದ" ಲೆಕ್ಕ ಇಟ್ಟೆ: 23. ಅದರಲ್ಲಿ ಎರಡನೇ ಪ್ರಶ್ನೆ ಹೋಟೆಲಿನದ್ದು ನಾಲ್ಕೇ. ಒಬ್ಬ ಮಾತ್ರ ಬೀಚಿನಲ್ಲಿ ಅರ್ಧ ಕಿಲೋಮೀಟರ್ ಹಿಂದೆ ಬಂದ. ಬಟ್ಟೆ ಅಂಗಡಿಯೊಂದಕ್ಕೆ ಹೊಕ್ಕು "ಅಕ್ಕಾ" ಅಂದೆ. ಅಂಗಡಿಯಾಕೆ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು, ಅವನು ತಿರುಗಿ ಹೋದ. ಪಿನ್ನು ಬೇಕಾಗಲಿಲ್ಲ. ನೀರಿಗೆ ಮೊಣಕಾಲ ತನಕ ಮಾತ್ರ ಇಳಿದೆ, ಉಡುಪಿಯವರೇ, ನಿಮ್ಮ ಪುಣ್ಯ.

ಇಲ್ಲಿ ಯಾರೂ ಹೇಳದ ಒಂದು ವಿಷಯ: ಸಂಜೆ ಏಳರಿಂದ ಒಂಬತ್ತು. ಭಯ ಅಲ್ಲ, ಸುಮ್ನೆ ಹೊತ್ತು ಹೋಗುವುದಿಲ್ಲ. ಎಲ್ಲ ಟೇಬಲ್ಲಿನಲ್ಲೂ ಇಬ್ಬಿಬ್ಬರು. ಎರಡನೇ ಸಂಜೆ ರೂಮಿನಲ್ಲಿ ಕೂತು ಅತ್ತೆ. ಮೂರನೇ ಸಂಜೆಯಿಂದ ಮನೆಯೊಡತಿಯ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿದುಕೊಟ್ಟೆ.

ಬೆಳಿಗ್ಗೆ ಆರಕ್ಕೆ ಬೆಥೋವನ್ ಸಂಗೀತ ಹಾಕಿಕೊಂಡು ಬನ್ನು ಬ್ರೆಡ್ಡು ಮಾರುವ ಟುಕ್‌ಟುಕ್ ಬರುತ್ತದೆ ಅಂತಲೂ ಯಾರೂ ಹೇಳಲಿಲ್ಲ! ಚೂನ್ ಪಾನ್ ಅನ್ನುತ್ತಾರೆ. ಮೊದಲ ದಿನ ಅಲಾರಂ ಅಂತ ಫೋನ್ ಹುಡುಕಿದೆ. ಕೊನೆಯ ದಿನ ನೈಟಿಯಲ್ಲೇ ಅದರ ಹಿಂದೆ ಓಡಿದೆ.

ತಲಪ ಹುಡುಕಿ ತಿಂದೆ, ಬೇಳೆ ಸಾರಿನ ಜೊತೆ. ಅಮ್ಮನಿಗೆ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ, "ಮುದ್ದೆ ಸರಿಯಾಗಿ ತಿರುವಿಲ್ಲ, ಗಂಟು ಕಾಣ್ತಿದೆ."