ರಾಜೀನಾಮೆ ಶಿಕ್ಷೆಯೋ, ರಜೆಯೋ? ಅಥಣಿಯ ತರಗತಿಯಲ್ಲಿ ಎದ್ದ ಪ್ರಶ್ನೆ

ಪ್ರಶ್ನೆ: ಕೃಷ್ಣಾತೀರದ ಟೀಚರ್

ಅಥಣಿ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ರಾಜ್ಯ ಶಾಸಕಾಂಗದ ಪಾಠ ನಡೆಯುತ್ತಿತ್ತು. ಮಂತ್ರಿಮಂಡಲದ ಸಾಮೂಹಿಕ ಹೊಣೆ, ಸದಸ್ಯರ ವಿಶೇಷ ಹಕ್ಕು ಎಂದೆಲ್ಲ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನಮ್ಮ ಶಾಸಕರು ಹಿಂದೆ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟಿದ್ದರಂತೆ. ಆಮೇಲೆ ಉಪಮುಖ್ಯಮಂತ್ರಿಯೂ ಆದರಂತೆ. ಹಾಗಾದರೆ ರಾಜೀನಾಮೆ ಶಿಕ್ಷೆಯೋ, ರಜೆಯೋ?" ಯಾರೂ ನಗಲಿಲ್ಲ. ಅವಳು ಕೇಳಿದ ಧಾಟಿ ಹಾಗಿತ್ತು. ನಾಳೆ ಹೇಳುತ್ತೇನೆ ಎಂದು ಪುಸ್ತಕ ಮುಚ್ಚಿದೆ.

ಆ ಹುಡುಗಿಗೆ 2012ರ ನೆನಪಿರಲು ಸಾಧ್ಯವಿಲ್ಲ. ನನಗಿದೆ. ನಾನಾಗ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಫೆಬ್ರುವರಿ 7ರ ಸಂಜೆ ಅಪ್ಪ ಸುದ್ದಿಗೆಂದು ಟಿ.ವಿ. ಹಾಕಿದರು. ವಿಧಾನಸಭೆಯ ಆಸನ, ಬಗ್ಗಿದ ತಲೆಗಳು, ಒಂದು ಮೊಬೈಲ್, ಅದರ ಪರದೆಯ ಮೇಲೆ ವಾಹಿನಿಯವರು ಮಸುಕು ಮಾಡಿದ ಚೌಕ. ಅದೇ ತುಣುಕು ಮತ್ತೆ ಮತ್ತೆ ಬರುತ್ತಿತ್ತು. ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ, "ಯಾರು ಹೋದರು?" ಎಂದು ಕೇಳಿದಳು. ಒಂದೇ ಚಿತ್ರವನ್ನು ಹೀಗೆ ತಿರುತಿರುಗಿ ತೋರಿಸಿದರೆ ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದೇ ಅವಳ ಲೆಕ್ಕ. ಅಪ್ಪ ಉತ್ತರ ಕೊಡದೆ ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತರು. ಆ ರಾತ್ರಿ ಅಪ್ಪ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡದೆ ಊಟ ಮುಗಿಸಿದೆವು.

ಸದನದಲ್ಲಿ ಕುಳಿತು ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದರೆಂಬ ಆರೋಪದ ಮೇಲೆ ಮರುದಿನ ಮೂವರು ಸಚಿವರು ರಾಜೀನಾಮೆ ಕೊಟ್ಟರು: ಸಹಕಾರ ಸಚಿವರಾಗಿದ್ದ ನಮ್ಮ ಲಕ್ಷ್ಮಣ ಸವದಿ, ನರಗುಂದದ ಸಿ.ಸಿ. ಪಾಟೀಲ, ಮಂಗಳೂರಿನ ಕೃಷ್ಣ ಪಾಲೆಮಾರ್. ಮುಖ್ಯಮಂತ್ರಿ ಆಗ ಡಿ.ವಿ. ಸದಾನಂದ ಗೌಡರು. ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪದಲ್ಲಿ ನಡೆದ ಮೋಜಿನ ಕೂಟದ ಗಲಾಟೆ ಅದೇ ದಿನಗಳಲ್ಲಿ ಎದ್ದಿತ್ತು. ಅಂಥ ಕೂಟಗಳ ಕುರಿತ ಚರ್ಚೆಗೆ ಸಿದ್ಧವಾಗಲು ಆ ದೃಶ್ಯ ನೋಡಿದ್ದಾಗಿ ಸವದಿಯವರು ವಿವರಣೆ ಕೊಟ್ಟರು. ಮೂವರಲ್ಲಿ ಪಾಟೀಲರ ಖಾತೆ ಯಾವುದಾಗಿತ್ತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ: ಮಹಿಳಾ ಮತ್ತು ಮಕ್ಕಳ ಕಲ್ಯಾಣ.

ಆಮೇಲೆ ಆದದ್ದು ನಿಮಗೂ ಗೊತ್ತು. 2013ರಲ್ಲಿ ರಾಜ್ಯದಲ್ಲಿ ಬಿಜೆಪಿ 40 ಸ್ಥಾನಕ್ಕೆ ಇಳಿದರೂ ಅಥಣಿಯಲ್ಲಿ ಸವದಿ ಗೆದ್ದರು. 2018ರಲ್ಲಿ ಮಹೇಶ ಕುಮಠಳ್ಳಿಯವರ ಎದುರು ಸೋತರು. ಸೋತ ಮರುವರ್ಷ, 2019ರ ಆಗಸ್ಟ್‌ನಲ್ಲಿ, ಯಡಿಯೂರಪ್ಪನವರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾದರು, ಸಾರಿಗೆ ಖಾತೆ. 2023ರಲ್ಲಿ ಟಿಕೆಟ್ ತಪ್ಪಿದಾಗ ಕಾಂಗ್ರೆಸ್ಸಿಗೆ ಹೋಗಿ 75 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಮತದಾರರು ಏಕೆ ಮನ್ನಿಸಿದರು ಎಂದು ನಾನು ಕೇಳುತ್ತಿಲ್ಲ, ಅದು ಅವರ ಹಕ್ಕು. ಘಟನೆ ನಡೆದದ್ದು ಸದನದ ಒಳಗೆ, ಕಲಾಪ ನಡೆಯುತ್ತಿದ್ದಾಗ. ಹಾಗಿರುವಾಗ ಸದನ ಏನು ಮಾಡಬಹುದಿತ್ತು? ಕಾನೂನು ಬಲ್ಲವರು, ಊರಿನ ಹಿರಿಯರು ದಯವಿಟ್ಟು ಹೇಳಿ. ಆ ಹುಡುಗಿಗೆ ಸುಳ್ಳು ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಉತ್ತರ 1: ಕರಿಕೋಟು, ಧಾರವಾಡ

ಮೇಡಂ, ಮೊದಲು ಕಾನೂನಿನ ಮಾತು. ಸಚಿವ ಸ್ಥಾನಕ್ಕೆ ಕೊಡುವ ರಾಜೀನಾಮೆಗೂ ಶಾಸಕತ್ವಕ್ಕೂ ಸಂಬಂಧವಿಲ್ಲ. ಆ ಮೂವರೂ 2013ರ ಚುನಾವಣೆಯವರೆಗೆ ಶಾಸಕರಾಗಿಯೇ ಇದ್ದರು. ಅನರ್ಹತೆ ಬರುವುದು ಸಂವಿಧಾನದ 191ನೇ ವಿಧಿಯಿಂದ, ಇಲ್ಲವೇ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್‌ನಿಂದ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಬಿಡುಗಡೆಯ ನಂತರವೂ ಆರು ವರ್ಷ ಸ್ಪರ್ಧಿಸುವಂತಿಲ್ಲ. ಇಲ್ಲಿ ಯಾವ ನ್ಯಾಯಾಲಯವೂ ಯಾರಿಗೂ ಶಿಕ್ಷೆ ಕೊಟ್ಟಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಅಶ್ಲೀಲ ವಸ್ತುವನ್ನು ಪ್ರಕಟಿಸುವವರನ್ನು, ರವಾನಿಸುವವರನ್ನು ಹಿಡಿಯುತ್ತದೆ, ಬರಿದೇ ನೋಡಿದವರನ್ನಲ್ಲ.

ಸೋತವರು ಸಚಿವರಾದದ್ದು ಹೇಗೆ ಎಂದೂ ವಿದ್ಯಾರ್ಥಿಗಳು ಕೇಳಿಯಾರು. 164(4)ನೇ ವಿಧಿಯ ಪ್ರಕಾರ ಯಾವ ಸದನದ ಸದಸ್ಯರಲ್ಲದವರೂ ಆರು ತಿಂಗಳು ಸಚಿವರಾಗಿರಬಹುದು. ಸವದಿ ಪ್ರಮಾಣವಚನ ತೆಗೆದುಕೊಂಡದ್ದು 2019ರ ಆಗಸ್ಟ್ 20ಕ್ಕೆ. ವಿಧಾನ ಪರಿಷತ್ತಿಗೆ ಆಯ್ಕೆಯಾದದ್ದು 2020ರ ಫೆಬ್ರುವರಿಯಲ್ಲಿ, ಗಡುವು ಮುಗಿಯಲು ಬೆರಳೆಣಿಕೆಯ ದಿನಗಳಿದ್ದಾಗ.

ಸದನಕ್ಕೆ ಅಧಿಕಾರವಿತ್ತೇ? ಇತ್ತು ಎಂದೇ ನನ್ನ ಅಭಿಪ್ರಾಯ. ಪ್ರಶ್ನೆ ಕೇಳಲು ಹಣ ಪಡೆದ ಹಗರಣದಲ್ಲಿ 2005ರ ಡಿಸೆಂಬರ್‌ನಲ್ಲಿ ಸಂಸತ್ತು 11 ಸದಸ್ಯರನ್ನು ಉಚ್ಚಾಟಿಸಿತು. ಸುಪ್ರೀಂ ಕೋರ್ಟ್ 2007ರಲ್ಲಿ ಅದನ್ನು ಎತ್ತಿಹಿಡಿಯಿತು. ಸಂಸತ್ತಿಗೆ 105ನೇ ವಿಧಿ ಕೊಟ್ಟ ಅಧಿಕಾರವನ್ನೇ ಶಾಸನಸಭೆಗಳಿಗೆ 194ನೇ ವಿಧಿ ಕೊಡುತ್ತದೆ. ಉಚ್ಚಾಟನೆ ಹೆಚ್ಚಾಯಿತು ಎನ್ನುವವರಿಗೆ ವಾಗ್ದಂಡನೆ ಇದೆ, ಅಮಾನತು ಇದೆ. ನಮ್ಮಲ್ಲಿ ಆದದ್ದೆಂದರೆ ಸಭಾಧ್ಯಕ್ಷ ಕೆ.ಜಿ. ಬೋಪಯ್ಯನವರು ಸದನ ಸಮಿತಿ ರಚಿಸಿದರು, ಕಾಂಗ್ರೆಸ್ ಮತ್ತು ಜೆಡಿಎಸ್ ಅದರಿಂದ ಹೊರಗುಳಿದವು. ಒಂದು ಪಕ್ಷದವರೇ ಕುಳಿತು ತಮ್ಮವರನ್ನು ವಿಚಾರಿಸಿದರೆ ಆ ವರದಿಗೆ ಸದನದ ತೂಕ ಎಲ್ಲಿಂದ ಬರಬೇಕು? ಹೊರಗೆ ನಿಂತವರ ತಪ್ಪೂ ಇಲ್ಲಿ ಸಣ್ಣದಲ್ಲ.

ಇನ್ನೊಂದು ಎಚ್ಚರಿಕೆ. ಎಲ್ಲ ರಾಜೀನಾಮೆಗಳನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಹರತಾಳು ಹಾಲಪ್ಪನವರು 2010ರಲ್ಲಿ ಅತ್ಯಾಚಾರದ ಆರೋಪ ಬಂದಾಗ ಸಚಿವ ಸ್ಥಾನ ಬಿಟ್ಟರು. 2013ರಲ್ಲಿ ಸೊರಬದಲ್ಲಿ ಸೋತರು. 2017ರಲ್ಲಿ ಶಿವಮೊಗ್ಗದ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಮರುವರ್ಷ ಸಾಗರದಲ್ಲಿ ಕಾಗೋಡು ತಿಮ್ಮಪ್ಪನವರನ್ನು ಸೋಲಿಸಿ ವಿಧಾನಸಭೆಗೆ ಮರಳಿದರು. ರಾಜೀನಾಮೆಯನ್ನೇ ತೀರ್ಪು ಎಂದುಕೊಂಡಿದ್ದರೆ ನಡುವಿನ ಆ ಏಳು ವರ್ಷಗಳಿಗೆ ಅರ್ಥವೇ ಇರುತ್ತಿರಲಿಲ್ಲ.

ಉತ್ತರ 2: ಕಬ್ಬಿನ ಗದ್ದೆ

ತಂಗೀ, ನಾನು ಅಥಣಿಯ ಮತದಾರ. ಕಾನೂನು ಗೊತ್ತಿಲ್ಲ, ನನ್ನ ಮತದ ಲೆಕ್ಕ ಹೇಳುತ್ತೇನೆ. 2013ರಲ್ಲಿ ಸವದಿಯವರಿಗೆ ಹಾಕಿದೆ. 2018ರಲ್ಲಿ ಹಾಕಲಿಲ್ಲ, ಮೂರು ಅವಧಿ ಅವರೇ ಇದ್ದರು, ಬೇರೆಯವರನ್ನು ನೋಡೋಣ ಎನಿಸಿತ್ತು. 2023ರಲ್ಲಿ ಮತ್ತೆ ಅವರಿಗೇ ಹಾಕಿದೆ. ಮೂರು ಸಲವೂ ಆ ಮೊಬೈಲ್ ನನ್ನ ಲೆಕ್ಕದಲ್ಲಿ ಬರಲಿಲ್ಲ.

ಏಕೆ ಎಂದರೆ, ನಮಗೆ ಶಾಸಕ ಬೇಕಾಗುವುದು ಕಾಲುವೆಗೆ ನೀರು ಬಾರದಾಗ, ಕಬ್ಬಿನ ಬಿಲ್ಲು ಬಾಕಿ ಉಳಿದಾಗ, ಸೊಸೈಟಿಯ ಸಾಲ ಸಿಗದಾಗ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಳು. ನಮ್ಮ ಎಮ್ಮೆಗಳನ್ನು ಎತ್ತರದ ರಸ್ತೆಯ ಮೇಲೆ ಕಟ್ಟಿ, ಶಾಲೆಯ ಕೋಣೆಯಲ್ಲಿ ಹತ್ತು ದಿನ ಮಲಗಿದೆವು. ನೀರಿಳಿದ ಮೇಲೆ ನೋಡಿದರೆ ಕಬ್ಬಿನ ಸುಳಿಯಲ್ಲೆಲ್ಲ ಕೆಸರು. ಆ ತಿಂಗಳೇ ನಮ್ಮ ತಾಲ್ಲೂಕಿನವರೊಬ್ಬರು ಉಪಮುಖ್ಯಮಂತ್ರಿ ಆದರು ಎಂದಾಗ ನಾವು 2012ನ್ನು ನೆನೆಯಲಿಲ್ಲ. ಪರಿಹಾರದ ಅರ್ಜಿ ಯಾರ ಕೈಗೆ ಕೊಡಬೇಕು ಎಂದು ನೆನೆದೆವು.

2023ರದ್ದು ಬೇರೆ ಕಥೆ. 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಕುಮಠಳ್ಳಿಯವರು ಬಿಜೆಪಿಗೆ ಬಂದರು, ಟಿಕೆಟ್ ಅವರಿಗೇ ಉಳಿಯಿತು, ಸವದಿ ಅತ್ತ ಹೋದರು. ಹಳೆಯ ಎದುರಾಳಿಗಳೇ ಮತ್ತೆ ಎದುರುಬದುರು ನಿಂತರು, ಪಕ್ಷ ಮಾತ್ರ ಅದಲುಬದಲು. ನಮ್ಮವನಿಗೆ ಅನ್ಯಾಯವಾಯಿತು ಎಂಬ ಸಿಟ್ಟು ಊರೂರಲ್ಲಿ ಇತ್ತು.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ, ಬರೆಯುತ್ತೇನೆ. ನನ್ನ ಹೆಂಡತಿ ಪ್ರತಿ ಚುನಾವಣೆಯಲ್ಲೂ ಬೆಳಿಗ್ಗೆಯೇ ಮಿಂದು, ಹೊಸ ಸೀರೆ ಉಟ್ಟು ಮತಗಟ್ಟೆಗೆ ಹೋಗುವವಳು. 2013ರಲ್ಲಿ ಹೋಗಲಿಲ್ಲ. ಕಾರಣ ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಉತ್ತರ 3: ಗ್ಯಾಲರಿಯ ಹಳಬ

ಪತ್ರಕರ್ತರ ಗ್ಯಾಲರಿಯಲ್ಲಿ ಬಹಳ ವರ್ಷ ಕುಳಿತವನು ನಾನು. ಮೂವರ ದಾರಿ ಮೂರಾಯಿತು ಎಂಬುದನ್ನು ಮಕ್ಕಳಿಗೆ ತೋರಿಸಿ ಮೇಡಂ. 2013ರಲ್ಲಿ ಪಾಟೀಲರು ನರಗುಂದದಲ್ಲಿ ಬಿ.ಆರ್. ಯಾವಗಲ್ ಅವರೆದುರು ಸೋತರು, ಪಾಲೆಮಾರ್ ಮಂಗಳೂರು ನಗರ ಉತ್ತರದಲ್ಲಿ ಸೋತರು, ಸವದಿ ಒಬ್ಬರೇ ಉಳಿದರು. ಪಾಟೀಲರು 2018ರಲ್ಲಿ ಗೆದ್ದು ಸಚಿವರಾದರು, ಬೊಮ್ಮಾಯಿಯವರ ಕಾಲದಲ್ಲಿ ಲೋಕೋಪಯೋಗಿ ಖಾತೆ ನೋಡಿಕೊಂಡರು. ಕಳಂಕ ಒಂದೇ ಆದರೂ ಫಲ ಬೇರೆ ಬೇರೆ. ಹಾಗಾಗಿ ಜನ ಮನ್ನಿಸಿದರು ಎಂಬ ಒಂದೇ ಮಾತು ಸಾಲದು.

ಅಂದು ಆ ದೃಶ್ಯ ಸಿಕ್ಕಿದ್ದು ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಂದ. ಮುಂದೆ 2019ರ ಅಕ್ಟೋಬರ್‌ನಲ್ಲಿ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ವಿಧಾನಸಭೆಯ ಕಲಾಪ ಚಿತ್ರೀಕರಿಸಲು ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ನಿರ್ಬಂಧ ಹೇರಿದರು. ಸದನದ ಕಡೆಯಿಂದ ಬಂದ ದೃಶ್ಯಗಳನ್ನೇ ವಾಹಿನಿಗಳು ಬಳಸಬೇಕಾಯಿತು. ಅಧಿಕೃತ ಕ್ಯಾಮೆರಾ ಮಾತನಾಡುವವರ ಮುಖ ತೋರಿಸುತ್ತದೆ. ಹಿಂದಿನ ಸಾಲಿನಲ್ಲಿ ಯಾರು ನಿದ್ದೆ ಹೋಗಿದ್ದಾರೆ, ಯಾರ ಕೈಯಲ್ಲಿ ಏನಿದೆ ಎಂದು ಅದು ಹುಡುಕಿಕೊಂಡು ಹೋಗುವುದಿಲ್ಲ. ನನಗೆ ನೋವಾದದ್ದು ಇದಕ್ಕೆ.

ಕೃಷ್ಣಾತೀರದ ಟೀಚರ್ (ಮರುಉತ್ತರ)

ಮೂವರಿಗೂ ನಮಸ್ಕಾರ. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಪ್ಲಗ್ ಕಿತ್ತ ದಿನದ ಮಾತನ್ನು ಮನೆಯಲ್ಲಿ ಎತ್ತಿದ್ದು ಇದೇ ಮೊದಲು. "ಆಗ ನಿನಗೆ ಏನು ಹೇಳಬೇಕೆಂದು ತೋಚಲಿಲ್ಲ" ಎಂದಷ್ಟೇ ಹೇಳಿದರು.

ಗದ್ದೆಯ ಅಣ್ಣಾವರೇ, ನೆರೆಯ ಹತ್ತು ದಿನ ಶಾಲೆಯಲ್ಲಿ ಮಲಗಿದವರ ಲೆಕ್ಕ ತಪ್ಪು ಎನ್ನಲು ನನಗೆ ಬಾಯಿಲ್ಲ. ಆದರೆ ನಿಮ್ಮ ಮನೆಯವರು ಮತಗಟ್ಟೆಗೆ ಹೋಗದೆ ಉಳಿದದ್ದೂ ಒಂದು ಲೆಕ್ಕವೇ, ಅದು ಯಾವ ಫಲಿತಾಂಶದ ಪಟ್ಟಿಯಲ್ಲೂ ಕಾಣುವುದಿಲ್ಲ. ನೀವು ಒಪ್ಪಿದರೆ ಹೆಸರು ಹೇಳದೆ ತರಗತಿಯಲ್ಲಿ ಹೇಳುತ್ತೇನೆ.

ಹುಡುಗಿಗೆ ಹೀಗೆ ಹೇಳಬೇಕೆಂದಿದ್ದೇನೆ: ರಾಜೀನಾಮೆ ಶಿಕ್ಷೆಯೂ ಅಲ್ಲ, ರಜೆಯೂ ಅಲ್ಲ. ಸರ್ಕಾರಕ್ಕೆ ಮುಜುಗರವಾದಾಗ ಪಕ್ಷ ಮತ್ತು ಮುಖ್ಯಮಂತ್ರಿ ಮಾಡಿಕೊಳ್ಳುವ ಏರ್ಪಾಡು ಅದು. ಕೊಟ್ಟದ್ದನ್ನು ಅವರೇ ಹಿಂದಕ್ಕೂ ಕೊಡಬಲ್ಲರು. ಶಿಕ್ಷೆ ಕೊಡುವ ಅಧಿಕಾರ ಇದ್ದದ್ದು ಸದನಕ್ಕೆ. ಅಲ್ಲಿ ಎಲ್ಲ ಪಕ್ಷದವರೂ ಒಟ್ಟಿಗೆ ಕುಳಿತು ಇದು ಸರಿ, ಇದು ತಪ್ಪು ಎಂದು ಹೇಳಲಿಲ್ಲ.

ವಕೀಲರೇ, ಆ ಸದನ ಸಮಿತಿಯ ವರದಿಯ ಪ್ರತಿ ವಿಧಾನಸೌಧದ ಗ್ರಂಥಾಲಯದಲ್ಲಿ ಸಿಗುತ್ತದೆಯೇ? ಯಾರ ಬಳಿಯಾದರೂ ಇದ್ದರೆ ತಿಳಿಸಿ. ಗುರುವಾರ ಎರಡನೇ ಅವಧಿಗೆ ಅದೇ ತರಗತಿ ಇದೆ.