ಪದಚರ್ಚೆ: ‘ಬ್ಯಾಕ್‌ವುಡ್ಸ್ ಹಾರರ್’ಗೆ ‘ಹಿಂಗಾಡು’ ಒಗ್ಗೀತೆ?

ಕಾದಂಬರಿ ಆಧಾರಿತ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೇನೆ. ‘ಲೋ ಬಜೆಟ್ ಬ್ಯಾಕ್‌ವುಡ್ಸ್ ಹಾರರ್’ (ಊರಿಂದ ದೂರದ ಕಾಡುಸೀಮೆಯಲ್ಲಿ ನಡೆಯುವ ಹೆದರಿಕೆಯ ಚಿತ್ರ) ಎಂಬಲ್ಲಿಗೆ ಬಂದು ಎರಡು ದಿನದಿಂದ ಪೆನ್ನು ನಿಂತಿದೆ. ‘ಲೋ ಬಜೆಟ್’ ಕಾಡಲಿಲ್ಲ, ‘ಕಡಿಮೆ ಬಂಡವಾಳದ’ ಎಂದರೆ ಮುಗಿಯಿತು. ತಕರಾರೆಲ್ಲ ‘ಬ್ಯಾಕ್‌ವುಡ್ಸ್’ ಜೊತೆ.

ಕಗ್ಗಾಡು, ಗೊಂಡಾರಣ್ಯ ಎಂದರೆ ಮರಗಳ ದಟ್ಟಣೆ ಕಣ್ಣಿಗೆ ಕಟ್ಟುತ್ತದೆ, ಮನುಷ್ಯರ ಸುಳಿವಿಲ್ಲ. ಈ ಬಗೆಯ ಚಿತ್ರಗಳಲ್ಲಿ ಹೆದರಿಸುವುದು ಮರವೂ ಅಲ್ಲ, ಮೃಗವೂ ಅಲ್ಲ. ಸಾಮಾನ್ಯವಾಗಿ ಅಲ್ಲೇ ಹುಟ್ಟಿ ಬೆಳೆದ ಜನ. ‘ಕುಗ್ರಾಮ’ದಲ್ಲಿ ಜನರಿದ್ದಾರೆ, ಕಾಡಿಲ್ಲ. ಸಾಲದ್ದಕ್ಕೆ ಆ ‘ಕು’ ಕಥೆ ಶುರುವಾಗುವ ಮುಂಚೆಯೇ ತೀರ್ಪು ಕೊಟ್ಟುಬಿಡುತ್ತದೆ.

ಮೂಲ ಪದ 18ನೆಯ ಶತಮಾನದ ಅಮೆರಿಕದ್ದು. ಕರಾವಳಿಯ ಕಡೆ ನೆಲೆಯೂರಿದ ವಲಸಿಗರಿಗೆ ತಮ್ಮ ಊರುಗಳ ಬೆನ್ನಿಗಿದ್ದ ಕಾಡು ‘ಬ್ಯಾಕ್‌ವುಡ್ಸ್’. ಯಾರ ಹಿಂದೆ? ಹೆಸರಿಟ್ಟವರ ಹಿಂದೆ. ಅಲ್ಲೇ ಬದುಕುವವನಿಗೆ ಅದು ಮನೆಯ ಮುಂದೆಯೇ ಇದೆ! ಈ ಓರೆನೋಟವೂ ಕನ್ನಡಕ್ಕೆ ಬರಬೇಕೆಂಬುದು ನನ್ನ ಹಟ.

ಹಾಗಾಗಿ ‘ಹಿಂಗಾಡು’. ಹಿಂಗಾಲು, ಹಿಂಗಾರು ಇರುವಾಗ ವ್ಯಾಕರಣದ ಅಡ್ಡಿಯಿಲ್ಲ. ‘ಬ್ಯಾಕ್‌ವಾಟರ್’ಗೆ ಹಿನ್ನೀರು ಎಂದೋ ಒಗ್ಗಿಹೋಗಿದೆ. ಜೇಮ್ಸ್ ಡಿಕಿಯ 1970ರ ಕಾದಂಬರಿಯಿಂದ ಬಂದ ‘ಡೆಲಿವರೆನ್ಸ್’ (1972) ನೋಡಿದವರಿಗೆ ಎರಡೂ ಪದ ಒಟ್ಟಿಗೆ ಕೂರುವುದು ಕಂಡೀತು: ಅಮೆರಿಕದ ಜಾರ್ಜಿಯಾ ರಾಜ್ಯದ ನದಿಯೊಂದಕ್ಕೆ ಅಣೆಕಟ್ಟು ಬರಲಿದೆ, ಕಣಿವೆ ಮುಳುಗುವ ಮೊದಲು ದೋಣಿಯಲ್ಲಿ ಇಳಿದು ಬರೋಣವೆಂದು ನಾಲ್ವರು ಪೇಟೆಯವರು ಹೊರಡುತ್ತಾರೆ. ಹಿನ್ನೀರು ನುಂಗಲಿರುವ ಹಿಂಗಾಡು. ಚಿತ್ರೀಕರಣ ನಡೆದ ರೇಬನ್ ಕೌಂಟಿಯ ಎಷ್ಟೋ ಜನಕ್ಕೆ ತಮ್ಮನ್ನು ತೋರಿಸಿದ ರೀತಿ ಹಿಡಿಸಲಿಲ್ಲ. ‘ಕುಗ್ರಾಮ’ ಬೇಡವೆನ್ನಲು ನನಗೆ ಅದೂ ಒಂದು ಕಾರಣ.

‘ಹಾರರ್’ಗೆ ಭಯಾನಕವೋ ಬೀಭತ್ಸವೋ? ಆ ಚಿತ್ರದಲ್ಲಿ ಕಾಡಿನವರು ಪೇಟೆಯವನೊಬ್ಬನ ಮೇಲೆ ಅತ್ಯಾಚಾರ ಎಸಗುವ ಕುಖ್ಯಾತ ದೃಶ್ಯದಲ್ಲಿ ಭಯಕ್ಕಿಂತ ಜುಗುಪ್ಸೆ ಮುಂದು, ರಸದ ಲೆಕ್ಕದಲ್ಲಿ ಬೀಭತ್ಸವೇ. ಆದರೆ ‘ಹಿಂಗಾಡಿನ ಬೀಭತ್ಸಚಿತ್ರ’ ಎಂದರೆ ಹಲ್ಲಿಗೆ ಕಲ್ಲು ಸಿಕ್ಕಂತೆ. ‘ಹಿಂಗಾಡಿನ ದಿಗಿಲುಚಿತ್ರ’ ಎಂದರೆ ಹೇಗೆ?

ಒಂದು ಎಡವಟ್ಟಿದೆ. ಕರಡು ಓದಿದ ಗೆಳೆಯ ‘ಹಿಂಗಾಡು’ ಕಂಡದ್ದೇ, “ಯಾಕೆ ಹಿಂಗಾಡ್ತೀಯ?” ಎಂದು ನಕ್ಕ. ಅಂದಿನಿಂದ ನನಗೂ ಹಾಗೇ ಕೇಳಿಸುತ್ತಿದೆ. ‘ಹಿನ್‌ಕಾಡು’ ಎಂದು ಬಿಡಿಸಿ ಬರೆದರೆ ನಗು ತಪ್ಪೀತೆ, ಇಲ್ಲ ಸಂಧಿ ಬಲ್ಲವರು ಬೈದಾರೆ? ಬೇರೆ ಪದ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.